ನೆರಳು ಮುಟ್ಟಿದರೂ ಔಟ್

ಸುಧಾಕರಣ್ಣ ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತುತ್ತಿದ್ದರೆ ಅವರಿಗಿಂತ ಮೊದಲು ಅವರ ಮೊಣಕಾಲಿನ ಸದ್ದು ಮೇಲೆ ಬರುತ್ತಿತ್ತು. ಒಂದೊಂದು ಮೆಟ್ಟಿಲಿಗೂ ಲಟ್, ಲಟ್ ಎಂದು ಒಣ ಕಡ್ಡಿ ಮುರಿದ ಹಾಗೆ. ಎರಡನೆಯ ಮಹಡಿಯಲ್ಲಿ ಸದ್ದು ನಿಂತರೆ ಉಸಿರು ತೆಗೆದುಕೊಳ್ಳುತ್ತಿದ್ದಾರೆ ಎಂದು ಅರ್ಥ, ಮೂರನೆಯದರಲ್ಲಿ ನಿಂತರೆ ಅಲ್ಲಿಯ ಮರಾಠಿ ಅಜ್ಜಿಯ ಜೊತೆ ಹರಟುತ್ತಿದ್ದಾರೆ ಎಂದು ಅರ್ಥ. ನಾಲ್ಕನೆಯ ಮಹಡಿಯ ನಮ್ಮ ಮನೆಯಲ್ಲಿ ಅವ್ವ ಅಷ್ಟರೊಳಗೆ ಚಹಾಕ್ಕೆ ನೀರಿಟ್ಟಿರುತ್ತಿದ್ದಳು. "ಕಬಡ್ಡಿ ನನಗೆ ಕೊಟ್ಟ ಪದಕ ಇದೇ ನೋಡಿ. ಒಂದೊಂದು ಕಾಲಿಗೆ ಒಂದೊಂದು" ಎಂದು ಅವರು ಬಾಗಿಲಲ್ಲಿ ನಿಂತು ಮೊಣಕಾಲು ತಟ್ಟಿ ತೋರಿಸುತ್ತಿದ್ದರು.

ಅವರು ಮೂಲ್ಕಿಯ ಕಡೆಯವರು. ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತು ಬಿಲ್ಲಿನ ದುಡ್ಡು ತೆಗೆದುಕೊಳ್ಳುವುದು ಹೊಟ್ಟೆಪಾಡು. ಆಂಟಾಪ್ ಹಿಲ್‌ನ ನಮ್ಮ ಕಾಲನಿಯ ಕ್ರೀಡಾ ಮಂಡಳದ ಹುಡುಗರಿಗೆ ಬೆಳಗಿನ ಹೊತ್ತು ಕಬಡ್ಡಿ ಕಲಿಸುವುದು ಪ್ರಾಣ. ಮದುವೆಯಾಗಿರಲಿಲ್ಲ. ಯಾಕೆಂದು ಅವ್ವ ಒಮ್ಮೆ ಕೇಳಿಯೇ ಬಿಟ್ಟಳು. "ಈ ಕಾಲಿನ ಸದ್ದಿಗೆ ಯಾವ ಹೆಂಗಸಿಗೆ ನಿದ್ದೆ ಬರ್ತದೆ ಅಮ್ಮ?" ಎಂದು ಅವರು ಚಹಾ ಕುಡಿದು ಎದ್ದು ಹೋದರು. ಅವ್ವನಿಗೆ ಅದು ನಿಜವಾದ ಉತ್ತರವೋ ತಮಾಷೆಯೋ ಎಂದು ಬಹಳ ದಿನ ಅನುಮಾನವಿತ್ತು.

ಹುಡುಗರು ಅವರಿಗೆ ಹೆದರುತ್ತಿದ್ದುದು ಎರಡೇ ವಿಷಯಕ್ಕೆ. ಒಂದು, ತೊಡೆ ತಟ್ಟುವುದು. ಮೊಬೈಲಿನಲ್ಲಿ ದೊಡ್ಡ ಆಟಗಾರರನ್ನು ನೋಡಿ ಯಾವನಾದರೂ ತೊಡೆ ತಟ್ಟಿದನೋ, "ಸೊಳ್ಳೆ ಕಚ್ಚಿತಾ ಮಾರಾಯ? ಹೋಗಿ ಓಡೋಮಾಸ್ ಹಚ್ಚಿಕೊಂಡು ಬಾ" ಎಂದು ಅಂಗಳದಿಂದ ಹೊರಗೆ ಕಳಿಸುತ್ತಿದ್ದರು. ಇನ್ನೊಂದು, ಔಟ್ ಆದವನು ತಾನಾಗಿಯೇ ಕೈ ಎತ್ತಬೇಕು. ಉಗುರು ತಾಗಿದ್ದರೂ ಸರಿ, ಅಂಪೈರ್ ನೋಡಿರದಿದ್ದರೂ ಸರಿ. ಇದರಿಂದ ನಮ್ಮ ಮಂಡಳ ಗೆಲ್ಲಬೇಕಾದ ಪಂದ್ಯಗಳನ್ನು ಸೋತು ಬರುತ್ತಿತ್ತು. ಮಂಡಳದ ಹಿರಿಯರು ಗೊಣಗಿದರೆ, "ಸೋತದ್ದಕ್ಕೆ ಎಂತ ನಾಚಿಕೆ? ತಾಗಿದ್ದು ಮುಚ್ಚಿಟ್ಟರೆ ಅದು ನಾಚಿಕೆ" ಎನ್ನುತ್ತಿದ್ದರು. ಹೀಗೆ ಹೇಳುವಾಗ ಅವರ ಮುಖದಲ್ಲಿ ಉಪದೇಶದ ಗತ್ತೇನೂ ಇರುತ್ತಿರಲಿಲ್ಲ, ಹೋಟೆಲಿನಲ್ಲಿ ಇವತ್ತು ಇಡ್ಲಿ ಮುಗಿದಿದೆ ಎನ್ನುವ ಹಾಗೆ ಹೇಳಿಬಿಡುತ್ತಿದ್ದರು.

ನನ್ನ ತಮ್ಮ ವಿನಯ ಆ ಟೀಮಿನ ರೈಡರ್. ಹದಿಮೂರು ವರ್ಷದ ಕಡ್ಡಿ ಪೈಲ್ವಾನ. ನಾನು ಕನ್ನಡ ಶಾಲೆಯಲ್ಲಿ ಓದಿದವಳು, ಅವನು ಇಂಗ್ಲಿಷ್ ಶಾಲೆಯವನು. ಹಸಿವಾದರೆ "ಅಕ್ಕಾ, ಭೂಕ ಲಾಗ್ಯೈತಿ" ಎಂದು ಮುಂಬೈಯನ್ನೂ ಧಾರವಾಡವನ್ನೂ ಒಂದೇ ಬಾಯಲ್ಲಿ ಅಗಿಯುವವನು. ಒಂದು ಮಳೆಗಾಲದ ಕೊನೆಗೆ ಅವನಿಗೆ ಜ್ವರ ಬಂದು ಬಿಡಲೇ ಇಲ್ಲ. ಕಾಲಿನ ತುಂಬ ನೀಲಿ ಗುರುತು. ಕಬಡ್ಡಿಯಲ್ಲಿ ಬಿದ್ದು ಬಂದಿದ್ದಾನೆಂದು ಅವ್ವ ಸುಧಾಕರಣ್ಣನಿಗೆ ಮನಸಾರೆ ಬೈದಳು. ರಕ್ತ ಪರೀಕ್ಷೆ ಮಾಡಿಸಿದಾಗ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಮಕ್ಕಳಲ್ಲಿ ಇದು ವಾಸಿಯಾಗುತ್ತದೆ, ಆದರೆ ಚಿಕಿತ್ಸೆ ಬಹಳ ಉದ್ದ, ನಡುವೆ ಬಿಡಬಾರದು ಎಂದು ಡಾಕ್ಟರು ಹೇಳಿದರು.

ಆಸ್ಪತ್ರೆಯಿಂದ ಬಂದ ಸಂಜೆ ಅಪ್ಪ ಬಾಗಿಲು ಹಾಕಿ ನಮ್ಮನ್ನೆಲ್ಲ ಕೂರಿಸಿಕೊಂಡರು. "ಯಾರರೆ ಕೇಳಿದ್ರ ಕಾಮಾಲೆ ಅನ್ರಿ. ವಿದ್ಯಾನ ಲಗ್ನ ಆಗೂತನಕ ಈ ಮಾತು ಈ ಗ್ವಾಡಿ ದಾಟಬಾರದು" ಎಂದರು. ವಿದ್ಯಾ ಎಂದರೆ ನಾನು. ಡೋಂಬಿವಿಲಿಯಲ್ಲಿ ನೆಲೆಸಿದ್ದ ಬೆಳಗಾವಿಯ ಕುಟುಂಬವೊಂದು ನನ್ನನ್ನು ನೋಡಿಕೊಂಡು ಹೋಗಿತ್ತು, ಮಾತು ಹಣ್ಣಾಗುವ ಹಂತದಲ್ಲಿತ್ತು. ರಕ್ತದಲ್ಲಿ ಇಂಥ ರೋಗವಿರುವ ಮನೆಯ ಹೆಣ್ಣನ್ನು ಯಾರು ತರುತ್ತಾರೆ ಎಂಬುದು ಅಪ್ಪನ ಭಯ. ಗೋಡೆಗೆ ಒರಗಿ ಕೂತಿದ್ದ ವಿನಯ, "ಓಕೆ ಪಪ್ಪಾ, ಕಾಮಾಲೆ" ಎಂದ. ತನ್ನ ರೋಗಕ್ಕೆ ತನ್ನ ಮನೆಯಲ್ಲೇ ಸುಳ್ಳು ಹೆಸರು ಇಟ್ಟುಕೊಳ್ಳಬೇಕಾದ ಹುಡುಗನ ಮುಂದೆ ನಾನು ತಲೆ ಎತ್ತಲಿಲ್ಲ. ಬೇಡ ಅನ್ನಲೂ ಇಲ್ಲ. ನೋಡಲು ಬಂದಿದ್ದ ಗಂಡು, ಮಹೇಶ, ನನಗೆ ಇಷ್ಟವಾಗಿದ್ದ.

ಕಾಮಾಲೆಯ ಸುದ್ದಿ ಕೇಳಿದ ಸುಧಾಕರಣ್ಣ ಮರುವಾರವೇ ಲಟಲಟ ಹತ್ತಿಕೊಂಡು ಬಂದರು. ಊರಿನಿಂದ ಬರುವ ಯಾರದೋ ಕೈಯಲ್ಲಿ ನೆಲನೆಲ್ಲಿ ತರಿಸಿ, ಹೋಟೆಲಿನ ಅಡುಗೆಯವರಿಂದ ಅರೆಸಿ, ಬಾಟಲಿಯಲ್ಲಿ ತುಂಬಿ ತಂದಿದ್ದರು. ಖಾಲಿ ಹೊಟ್ಟೆಯಲ್ಲಿ ಹಾಲಿನ ಜೊತೆ, ಉಪ್ಪು ಖಾರ ಮುಟ್ಟಬಾರದು ಎಂದು ಅವ್ವನಿಗೆ ಪಥ್ಯ ಹೇಳುತ್ತಲೇ ವಿನಯನ ಹಾಸಿಗೆಯ ಬಳಿ ಕೂತು, ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು. ಕಣ್ಣು ಹಳದಿಯಾಗಿರಲಿಲ್ಲ, ಸುಣ್ಣದ ಹಾಗೆ ಬಿಳಿಚಿತ್ತು. ಪಥ್ಯದ ಮಾತು ಅಲ್ಲಿಗೇ ನಿಂತಿತು. ಬಾಟಲಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಎದ್ದರು. ಅಪ್ಪ ಹಿಂದೆಯೇ ಹೋಗಿ ಮೆಟ್ಟಿಲಿನ ಬಳಿ ಎಲ್ಲ ಹೇಳಿ, ಕಾರಣವನ್ನೂ ಹೇಳಿ, ಕೈ ಹಿಡಿದುಕೊಂಡರು. "ಆಯ್ತು. ನನ್ನ ಬಾಯಿಂದ ಹೊರಗೆ ಹೋಗುದಿಲ್ಲ" ಎಂದರು ಸುಧಾಕರಣ್ಣ. ಬಾಗಿಲ ಹಿಂದೆ ನಿಂತಿದ್ದ ನನಗೆ ಅದು ಕೇಳಿಸಿತು.

ಟೀಮಿನ ಹುಡುಗರಿಗೆ ವಿನಯ ತಾನೇ ಫೋನಿನಲ್ಲಿ ನಿಜ ಹೇಳಿಕೊಂಡಿದ್ದ. ಪಂದ್ಯದ ಸ್ಕೋರನ್ನು ಹತ್ತು ನಿಮಿಷ ಹೊಟ್ಟೆಯಲ್ಲಿಟ್ಟುಕೊಳ್ಳಲಾರದ ಆ ಹುಡುಗರು ಇದನ್ನು ಅವರವರ ಅಮ್ಮಂದಿರಿಗೂ ಹೇಳಲಿಲ್ಲ. ನಮ್ಮ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ. ಆಸ್ಪತ್ರೆಗೆ ಹೋಗುವ ದಿನ ಅವರು ಪ್ರಾಕ್ಟೀಸಿಗೆ ಹೊರಟವರ ಹಾಗೆ ಬನಿಯನ್, ಚಡ್ಡಿಯಲ್ಲಿ ಬಂದು, ಕಾಲನಿ ಹಾಸಿಗೆಯಿಂದ ಏಳುವ ಮೊದಲೇ ವಿನಯನನ್ನು ಕೈಗೆ ಕೈ ಕಟ್ಟಿಕೊಂಡು ಕೂರಿಸಿ ಕೆಳಗಿಳಿಸುತ್ತಿದ್ದರು. ಎದುರಾಳಿಯನ್ನು ಹಿಡಿಯಲು ಕಲಿತ ಸರಪಳಿಯೇ ಅದು. ಟ್ಯಾಕ್ಸಿಯ ಬಾಗಿಲು ಹಾಕಿ, ಸುಧಾಕರಣ್ಣ ಅವರನ್ನು ಅಲ್ಲಿಂದಲೇ ಓಡಿಸಿಕೊಂಡು ಮೈದಾನಕ್ಕೆ ಹೋಗುತ್ತಿದ್ದರು.

ಆಸ್ಪತ್ರೆಯ ಓಡಾಟ ಸುಧಾಕರಣ್ಣನಿಗೆ ಇನ್ನೊಂದು ಹುಚ್ಚು ಹಿಡಿಸಿತು. ವಿಜಯಪುರ, ಬೆಳಗಾವಿಯ ಹಳ್ಳಿಗಳಿಂದ ಮಕ್ಕಳನ್ನು ಹೊತ್ತು ತಂದವರು ಆ ಸುತ್ತಿನ ಫುಟ್‌ಪಾತಿನಲ್ಲಿ, ಹತ್ತಿರದ ಧರ್ಮಶಾಲೆಯಲ್ಲಿ ದಿನ ದೂಡುತ್ತಿದ್ದರು. ಹಿಂದಿ ಬಾರದೆ ಮದ್ದಿನ ಅಂಗಡಿಯಲ್ಲಿ ಕಣ್ಣು ಕಣ್ಣು ಬಿಡುತ್ತಿದ್ದರು. ಭಾನುವಾರ ಇಡೀ ಟೀಮನ್ನು ಕಟ್ಟಿಕೊಂಡು ಸುಧಾಕರಣ್ಣ ಧರ್ಮಶಾಲೆಗೆ ಹೋಗತೊಡಗಿದರು. ಮೈ ಹಗುರವಿದ್ದ ದಿನ ವಿನಯನೂ ಹೋಗುತ್ತಿದ್ದ, ಅವನ ಜೊತೆ ನಾನು. ಹುಡುಗರು ಹೆಂಗಸರ ಜೊತೆ ಸಾಲಿನಲ್ಲಿ ನಿಲ್ಲುವುದು, ತರಕಾರಿ ತಂದುಕೊಡುವುದು. ಅದಕ್ಕೂ ಮೊದಲು ಅಲ್ಲಿಯ ಅಂಗಳದಲ್ಲಿ ಮಕ್ಕಳ ಜೊತೆ ಕಬಡ್ಡಿ.

ಆದರೆ ಆ ಮಕ್ಕಳನ್ನು ಹಿಡಿಯುವ ಹಾಗಿಲ್ಲ, ಎಳೆಯುವ ಹಾಗಿಲ್ಲ. ಎದೆಯ ಬಳಿ ಮದ್ದಿನ ನಳಿಕೆ, ಮುಖಕ್ಕೆ ಮಾಸ್ಕ್. ಅದಕ್ಕೆ ಸುಧಾಕರಣ್ಣ ಒಂದು ಹೊಸ ನಿಯಮ ತಂದರು. ಮೈ ಮುಟ್ಟಬಾರದು, ನೆರಳು ಮುಟ್ಟಬೇಕು. ಬೆಳಗಿನ ಬಿಸಿಲಿನಲ್ಲಿ ನೆರಳು ಉದ್ದವಾಗಿರುವಾಗಲೇ ಆಟ. ನಿನ್ನ ನೆರಳನ್ನು ಯಾರಾದರೂ ತುಳಿದರೆ ನೀನು ಔಟ್. "ಆದರೆ ತುಳಿದದ್ದು ನಿನಗೆ ಮಾತ್ರ ಗೊತ್ತಾಗುದು ಮಗಾ. ಕೈ ಎತ್ತು" ಎಂದು ಅವರು ಹೇಳಿಕೊಡುತ್ತಿದ್ದರು. ವಿಜಯಪುರದ ಇಂಡಿ ತಾಲೂಕಿನ ಒಂದು ಪುಟ್ಟ ಹುಡುಗಿ ಅವರ ದೊಡ್ಡ ನೆರಳಿನ ಹೊಟ್ಟೆಯ ಮೇಲೆಯೇ ಎರಡೂ ಕಾಲು ಊರಿ ನಿಂತುಬಿಡುತ್ತಿದ್ದಳು. ಅವರು ಪೆಟ್ಟು ತಿಂದವರ ಹಾಗೆ ಹೊಟ್ಟೆ ಹಿಡಿದುಕೊಂಡು ಕೂತರೆ ಇಡೀ ಅಂಗಳ ನಗುತ್ತಿತ್ತು. "ಈಕಿ ನಕ್ಕಿದ್ದ ನಾ ಮರತ ಬಿಟ್ಟಿದ್ನೆವಾ" ಎಂದು ಅವಳ ತಾಯಿ ನನ್ನ ಪಕ್ಕ ಕೂತು ಕಣ್ಣೊರೆಸಿಕೊಂಡಳು. ಆಮೇಲೆ, "ನಿಮ್ಮ ಹುಡುಗಗೂ ಕ್ಯಾನ್ಸರ್ ಏನ್ರಿ?" ಎಂದು ಸಹಜವಾಗಿ ಕೇಳಿದಳು. ನಾನು ಸುತ್ತ ನೋಡಿ ತಲೆಯಾಡಿಸಿದೆ. ಮುಚ್ಚಿಡಲು ಒಂದು ಗೋಡೆಯೂ ಇಲ್ಲದ ಆ ಹೆಂಗಸಿನ ಮುಂದೆ ನನಗೆ ನನ್ನ ಪಿಸುಮಾತೇ ಅಸಹ್ಯವಾಯಿತು.

ವಿನಯನ ಕೂದಲು ಉದುರಿದಾಗ ಎಲ್ಲ ಕೆಟ್ಟಿತು. ಅವನು ಕನ್ನಡಿಗೆ ಬಟ್ಟೆ ಹಾಕಿದ, ಧರ್ಮಶಾಲೆಗೆ ಬರುವುದಿಲ್ಲ ಎಂದ, ಕೊನೆಗೆ ಆಸ್ಪತ್ರೆಗೂ ಬರುವುದಿಲ್ಲ ಎಂದು ಗೋಡೆಗೆ ಮುಖ ಮಾಡಿ ಮಲಗಿದ. ನಡುವೆ ಬಿಡಬಾರದು ಎಂದು ಡಾಕ್ಟರು ಹೇಳಿದ್ದನ್ನು ನೆನೆದು ಅವ್ವ ಅಡುಗೆಮನೆಯಲ್ಲಿ ಅಳುತ್ತಿದ್ದಳು. ಹುಡುಗರು ಮೊಬೈಲಿನಲ್ಲಿ ಯಾವುದೋ ದೇಶದ ವಿಡಿಯೋ ನೋಡಿದ್ದರು. ಅಲ್ಲಿ ಕಾಯಿಲೆಯ ಹುಡುಗನಿಗಾಗಿ ಇಡೀ ಟೀಮು ತಲೆ ಬೋಳಿಸಿಕೊಂಡಿತ್ತು. ನಾವೂ ಮಾಡೋಣ ಎಂದು ಸುಧಾಕರಣ್ಣನ ಬೆನ್ನು ಬಿದ್ದರು. ತೋರಿಕೆ ಎಂದರೆ ಉರಿದು ಬೀಳುತ್ತಿದ್ದ ಮನುಷ್ಯ ಇದಕ್ಕೆ ಹೇಗೆ ಒಪ್ಪಿದರೋ. ತಿರುಪತಿಗೆ ಮುಡಿ ಕೊಡುವುದಿಲ್ಲವೇ, ಇದೂ ಹಾಗೆ ಎಂದುಕೊಂಡರಂತೆ. ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಕ್ಷೌರದ ಅಂಗಡಿಗೆ ಕರೆದುಕೊಂಡು ಹೋಗಿ, ಮೊದಲು ತಾವೇ ಕುರ್ಚಿಯಲ್ಲಿ ಕೂತರು.

ನಮ್ಮ ಬಾಗಿಲು ತೆರೆದಾಗ ಮೆಟ್ಟಿಲಿನ ಉದ್ದಕ್ಕೂ ಬೋಳು ತಲೆಗಳು. ವಿನಯ ಎದ್ದು ಕೂತು ಒಬ್ಬೊಬ್ಬರ ತಲೆಯನ್ನೂ ಸವರಿ, "ತುಮ್ ಲೋಗ್ ಪಾಗಲ್ ಹೋ ಕ್ಯಾ" ಎಂದು ಹುಚ್ಚರನ್ನು ಕಂಡವನ ಹಾಗೆ ನಕ್ಕ. ಮರುದಿನ ಟೋಪಿಯಿಲ್ಲದೆ ಆಸ್ಪತ್ರೆಗೆ ಹೊರಟ. ಅಂದರೆ ಸುಧಾಕರಣ್ಣ ಮಾಡಿದ್ದು ಫಲಿಸಿತ್ತು. ಆದರೆ ಆ ಭಾನುವಾರದ ಸಂಜೆ ಇನ್ನೂ ಬಾಕಿಯಿತ್ತು.

ತಂದೆ ಬದುಕಿರುವ ಹುಡುಗ ಹೀಗೆ ತಲೆ ಬೋಳಿಸಿಕೊಂಡು ಮನೆಗೆ ಬಂದರೆ ಏನರ್ಥ ಎಂದು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ದೇವರ ಹೆಸರಿನ ಮುಡಿಯಾದರೆ ಮನೆಯವರೆಲ್ಲ ಕೂಡಿ ಹೋಗಿರುತ್ತಾರೆ. ಇದು ಯಾರಿಗೂ ಹೇಳದೆ ಕೇಳದೆ ಮಾಡಿಸಿದ ಬೋಳು. ಮೂರನೆಯ ಮಹಡಿಯ ಮರಾಠಿ ಅಜ್ಜಿಯ ಮೊಮ್ಮಗನೂ ಟೀಮಿನಲ್ಲಿದ್ದ. ಅವನಪ್ಪ, ಅಂದರೆ ಅಜ್ಜಿಯ ಮಗ, ಹಡಗಿನ ಕೆಲಸದವನು. ತಿಂಗಳಿನಿಂದ ಫೋನು ಬಂದಿರಲಿಲ್ಲ. ಬಾಗಿಲಲ್ಲಿ ಮೊಮ್ಮಗನ ಬೋಳು ತಲೆ ಕಂಡದ್ದೇ ಅಜ್ಜಿ ಮಗನ ಹೆಸರು ಕೂಗಿ ಎದೆ ಬಡಿದುಕೊಂಡು ಅತ್ತಳು. ಅವನಿಗೇನೂ ಆಗಿಲ್ಲ ಎಂದು ತಿಳಿಸಿ ಹೇಳಲು ಸಂಜೆಯವರೆಗೆ ಹಿಡಿಯಿತು.

ಸಂಜೆ ಹುಡುಗರ ತಾಯಂದಿರೆಲ್ಲ ಬಿಲ್ಡಿಂಗಿನ ಕೆಳಗೆ ಸುಧಾಕರಣ್ಣನನ್ನು ಸುತ್ತಿಕೊಂಡರು. "ಕೋಣಾಸಾಠಿ? ಸಾಂಗಾ ನಾ, ಕೋಣಾಸಾಠಿ?" ಯಾರಿಗಾಗಿ, ಹೇಳಿ, ಯಾರಿಗಾಗಿ ಎಂದು ಒಬ್ಬಳು ಕೇಳಿದ್ದನ್ನೇ ಕೇಳುತ್ತಿದ್ದಳು. ಹುಡುಗರು ಬೋಳು ತಲೆ ತಗ್ಗಿಸಿ ಗೋಡೆಗೆ ಸಾಲಾಗಿ ನಿಂತಿದ್ದರು, ಒಬ್ಬನೂ ಬಾಯಿ ಬಿಡಲಿಲ್ಲ. ಹಾಲು ತರಲು ಹೋಗಿದ್ದ ಅಪ್ಪ ಆ ಗುಂಪಿನಲ್ಲೇ ಸಿಕ್ಕಿಕೊಂಡಿದ್ದರು. ಸುಧಾಕರಣ್ಣ ಒಮ್ಮೆ ಅಪ್ಪನ ಮುಖ ನೋಡಿದರು. ಅಪ್ಪ ಕೈಯಲ್ಲಿನ ಹಾಲಿನ ಪ್ಯಾಕೆಟ್ಟು ನೋಡುತ್ತಿದ್ದರು.

"ನನ್ನ ಮನ್ನತ್ ಇತ್ತು. ಟೂರ್ನಮೆಂಟ್ ಗೆಲ್ಲಬೇಕು ಅಂತ ಹರಕೆ ಹೊತ್ತಿದ್ದೆ" ಎಂದು ಸುಧಾಕರಣ್ಣ ಹಿಂದಿಯಲ್ಲಿ ಹೇಳಿದರು.

ಮೇಲೆ ಕಿಟಕಿಯಲ್ಲಿ ನಾವು ಮೂವರೂ ನಿಂತಿದ್ದೆವು. "ಝೂಟ್! ಸರ್ ಸುಳ್ಳು—" ಎಂದು ವಿನಯ ಕೂಗಲು ಬಾಯಿ ತೆರೆದ. ಅವ್ವ ಹಿಂದಿನಿಂದ ಅವನ ಬಾಯಿ ಮುಚ್ಚಿದಳು. ಅವಳ ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು. ಆ ವಾರ ಡೋಂಬಿವಿಲಿಯವರು ಮಾತುಕತೆಗೆ ಬರುವವರಿದ್ದರು. ಕೆಳಗೆ ಒಬ್ಬ ಹೆಂಗಸು, ಟೂರ್ನಮೆಂಟಿನ ಒಂದು ಕಪ್‌ಗೋಸ್ಕರ ಪರರ ಮಕ್ಕಳ ತಲೆ ಬೋಳಿಸಿದೆಯಲ್ಲ ಎಂದು ಸುಧಾಕರಣ್ಣನ ಕಾಲ ಬಳಿ ಉಗುಳಿದಳು. ಅವರು ಕೈ ಮುಗಿದು ನಿಂತೇ ಇದ್ದರು. ಅಂಥ ನಾಚಿಕೆಯನ್ನು ನಾನು ಆಮೇಲೆ ಯಾವ ಮನುಷ್ಯನ ಮುಖದಲ್ಲೂ ನೋಡಿಲ್ಲ, ಮತ್ತು ಅದು ನಮ್ಮ ಮನೆಯದಾಗಿತ್ತು.

ಮಂಡಳ ಅವರನ್ನು ತೆಗೆದುಹಾಕಿತು. ಕೆಲವು ದಿನಗಳ ಬಳಿಕ ಅವರು ವಿನಯನನ್ನು ನೋಡಲು ಬಂದಾಗ ಅಪ್ಪ ಬಾಗಿಲಲ್ಲೇ, "ಸ್ವಲ್ಪ ದಿನಾ ಬರಬ್ಯಾಡ್ರಿ ಸುಧಾಕರ. ಮಂದಿ ಅದಕ್ಕ ಇದಕ್ಕ ತಾಳೆ ಹಾಕ್ತಾರ" ಎಂದರು. "ಹೌದು, ಹೌದು, ನಾನೇ ಹೇಳುವ ಅಂತಿದ್ದೆ" ಎಂದು ಅವರು ತಿರುಗಿ ಇಳಿದರು. ಇಳಿಯುವಾಗ ಮೊಣಕಾಲಿಗೆ ಹೆಚ್ಚು ನೋವು, ಸದ್ದೂ ಹೆಚ್ಚು. ಅಂದು ಅದು ಕೆಳಗಿನವರೆಗೂ ಕೇಳುತ್ತಿತ್ತು. ಧರ್ಮಶಾಲೆಯ ಭಾನುವಾರವನ್ನು ಮಾತ್ರ ಅವರು ಬಿಡಲಿಲ್ಲ. ಮನೆಯವರ ಕಣ್ಣು ತಪ್ಪಿಸಿ ಬರುವ ನಾಲ್ಕಾರು ಹುಡುಗರು ಇದ್ದರು, ವಿನಯನೂ ಇದ್ದ. ಅಲ್ಲಿ ಅವರ ನೆರಳನ್ನು ತುಳಿಯುತ್ತಲೇ ಅವನ ಚಿಕಿತ್ಸೆಯ ಕಠಿಣ ಭಾಗ ಮುಗಿಯಿತು.

ನನ್ನ ಮದುವೆ ನಿಶ್ಚಯವಾದಾಗ ಅಪ್ಪನಿಗೆ ಹೇಳದೆ ಕಾರ್ಡು ಹಿಡಿದುಕೊಂಡು ಗ್ರಾಂಟ್ ರೋಡಿಗೆ ಹೋದೆ. ಅವರು ಗಲ್ಲೆಯಿಂದ ಇಳಿದು ಬಂದು, ಒಳಗಿನ ಟೇಬಲ್ಲಿನಲ್ಲಿ ಕೂರಿಸಿ, ಬಿಸಿ ನೀರುದೋಸೆ ತರಿಸಿದರು. ಕಾರ್ಡನ್ನು ಒದ್ದೆ ಕೈಯಲ್ಲಿ ಮುಟ್ಟಬಾರದೆಂದು ಶರಟಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ಅಕ್ಷರ ಅಕ್ಷರ ಓದಿದರು.

"ನೀವು ಬರಲೇಬೇಕು ಅಣ್ಣ."

"ನನಗೆ ಬರ್ಲಿಕ್ಕೆ ಆಗುದಿಲ್ಲ ವಿದ್ಯಾ. ನಿನ್ನ ಗಂಡಿನ ಕಡೆಯವರು ಈ ಹೋಟೆಲಿಗೆ ಬಂದವರುಂಟು. ಇವ ಯಾರು ಅಂತ ಕೇಳಿದ್ರೆ ನೀನು ಎಂತ ಹೇಳ್ತೀಯ?"

ತಮ್ಮನ ಕೋಚ್ ಎಂದರೆ, ಎಲ್ಲಿ ಆಡುತ್ತಾನೆ, ಯಾಕೆ ಬಿಟ್ಟ ಎಂದು ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ಆ ಸಂಜೆ ನಾವು ಸುಮ್ಮನಿದ್ದುಬಿಟ್ಟೆವು ಎಂದು ಹೇಳಹೊರಟೆ. ಅವರು ತಡೆದರು. "ತಪ್ಪು ನನ್ನದೇ. ಆ ಅಜ್ಜಿ ಕೂಗಿದ್ದು ಇನ್ನೂ ಕಿವಿಯಲ್ಲುಂಟು. ಮನೆಯಲ್ಲಿ ಒಂದು ಮಾತು ಕೇಳ್ಬೇಕು ಅಂತ ನನಗೆ ಹೊಳೀಲಿಲ್ಲ ನೋಡು. ಮಕ್ಕಳ ಜೊತೆ ಇದ್ದು ಇದ್ದು ನನಗೂ ಮಕ್ಕಳದ್ದೇ ಬುದ್ಧಿ." ಆಮೇಲೆ ದೋಸೆ ಆರುತ್ತದೆ, ತಿನ್ನು ಎಂದರು. ನಾನು ತಿಂದು ಎದ್ದೆ. ಅವರನ್ನು ನಾನು ಕಂಡದ್ದು ಅದೇ ಕೊನೆ.

ಮದುವೆಯಾಗಿ ಕೆಲವು ವರ್ಷಗಳಾದವು. ವಿನಯ ಗುಣವಾಗಿ ಕಾಲೇಜು ಸೇರಿದ. ಹೋದ ಚಳಿಗಾಲದಲ್ಲಿ ಅವನೇ ಫೋನು ಮಾಡಿದ. "ಅಕ್ಕಾ, ಸರ್ ಹೋಗಿಬಿಟ್ರು. ಊರಾಗ, ಹಾರ್ಟ್ ಅಟ್ಯಾಕ್. ನಾವೆಲ್ಲಾ ಮೂಲ್ಕಿಗಿ ಹೊಂಟೇವಿ" ಎಂದ. ಹಳೆಯ ಟೀಮಿನ ಹುಡುಗರೆಲ್ಲ ಹೋಗುತ್ತಿದ್ದರು. ನಾನು ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದುದನ್ನು ಮಹೇಶ ನೋಡಿದರು. ಯಾರು ಎಂದು ಕೇಳಿದರು. ಅಂದು ಮೊದಲ ಬಾರಿಗೆ ನಾನು ಕಾಮಾಲೆಯಿಂದ ಹಿಡಿದು ಬೋಳು ತಲೆಗಳವರೆಗೆ ಎಲ್ಲವನ್ನೂ ಹೇಳಿದೆ. ಗಂಡ ಸಿಟ್ಟಾದರೆ ಆಗಲಿ ಎಂದುಕೊಂಡಿದ್ದೆ.

ಮಹೇಶ ಸಿಟ್ಟಾಗಲಿಲ್ಲ. "ಗ್ರಾಂಟ್ ರೋಡ್ ಹೋಟೆಲ್ದಾಗ ಗಲ್ಲೇದ ಮ್ಯಾಲೆ ಕೂಡ್ತಿದ್ದನಲ್ಲ, ಅಂವಾ ಏನು?" ಎಂದರು.

"ನಿಮಗ ಹೆಂಗ ಗೊತ್ತು?"

"ಲಗ್ನಕ್ಕಿಂತ ಮೊದಲ ನಮ್ಮ ಕಾಕಾ ನಿಮ್ಮ ಕಾಲನ್ಯಾಗ ಚೌಕಶಿ ಮಾಡಿದ್ದ. ಹುಡುಗಗ ಕ್ಯಾನ್ಸರ್ ಅಂತ ಅರ್ಧಾ ಕಾಲನಿ ಹೇಳ್ತು. ಖರೇ ಏನು ಅಂತ ಕೇಳಾಕ, ಹುಡುಗಗ ಆಟಾ ಕಲಿಸಾಂವ ಅಂತ ಅವನ ಹಂತ್ಯಾಕ ಹೋದ್ರ, ದೇವರ ಫೋಟೋ ಮುಂದ ನಿಂತು ಬರೇ ಕಾಮಾಲೆ ಅಂದ್ನಂತ. ಕಾಕಾಗ ಸುಳ್ಳ ಅಂತ ಅವನ ಮಾರಿ ನೋಡೇ ಗೊತ್ತಾತು."

"ಅಂದ್ರ ನಿಮ್ಮ ಮನ್ಯಾಗ ಎಲ್ಲಾರಿಗೂ..."

"ಗೊತ್ತಿತ್ತು. ಕೂಸಿನ ಜಡ್ಡಿಗೆ ಹುಡುಗಿ ಏನ್ ಮಾಡ್ಯಾಳು, ತಾನಾ ಒಂದ ದಿನಾ ಹೇಳ್ತಾಳ ಬಿಡು ಅಂತ ನಮ್ಮವ್ವ ಅಂದ್ಲು. ನೀ ಹೇಳ್ಲಿಲ್ಲ. ನಾವು ಕೇಳ್ಲಿಲ್ಲ."

ಹೀಗೆ, ಕಾಪಾಡುತ್ತಿದ್ದೇವೆ ಎಂದು ನಾವು ತಿಳಿದಿದ್ದ ಗುಟ್ಟಿನಲ್ಲಿ ಕಾಪಾಡಲು ಏನೂ ಇರಲಿಲ್ಲ. ಸುಧಾಕರಣ್ಣ ಕೈ ಮುಗಿದು ನಿಂತದ್ದು ಇಷ್ಟಕ್ಕೆ. ಸಾಲದ್ದಕ್ಕೆ ಗಂಡನ ಮನೆಯಲ್ಲಿ ಗ್ರಾಂಟ್ ರೋಡಿನ ಮಾತು ಬಂದಾಗಲೆಲ್ಲ ಕಾಕಾ, "ಅಲ್ಲೊಬ್ಬ ಸುಳ್ಳಬುರುಕ ಇದ್ದ, ದೇವರಿಗೂ ಅಂಜದವ" ಎಂದು ಹೇಳಿ ನಗಿಸುತ್ತಿದ್ದುದು ಈಗ ನೆನಪಾಯಿತು. ಹಬ್ಬದ ಊಟ ಬಡಿಸುತ್ತ ನಾನೂ ಯಾರೆಂದು ಕೇಳದೆ ಆ ನಗುವಿನಲ್ಲಿ ಸೇರಿದ್ದೆ.

ಕಾಕಾ ನಮ್ಮ ಮನೆಯ ಹಿಂದಿನ ಬಿಲ್ಡಿಂಗಿನಲ್ಲೇ ಇರುವುದು. ಒಲೆ ಆರಿಸಿ, ಮುಖ ತೊಳೆದುಕೊಂಡು ಅಲ್ಲಿಗೆ ಹೋದೆ. ಅವರು ಪೇಪರು ಓದುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ಆ ಸುಳ್ಳು ಸುಧಾಕರಣ್ಣನದಲ್ಲ, ನಮ್ಮದು ಎಂದೆ. ಕಾಕಾ ಪೇಪರನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿ ಪಕ್ಕಕ್ಕಿಟ್ಟರು.

"ಅಂವಾ ಇದ್ದಾಗ ಹೇಳಿದ್ದರ, ಹೋಗಿ ಕೈ ಮುಗದು ಬರ್ತಿದ್ನೆವಾ" ಎಂದರು. "ಈಗ ಎಲ್ಲಿಗೆ ಹೋಗ್ಲಿ?"